ಎಣ್ಣೆ ಕುಡಿಯೂದು ಉಂಟಾ?

ಗಾಡಿ ಮಾರಲು ಬಂದವನು ಇಳಿಜಾರು ಹುಡುಕಿ ನಿಲ್ಲಿಸಿದ ಅಂದರೆ ನಾನು ಅವನ ಮುಖ ನೋಡುವ ಮೊದಲು ಬ್ಯಾಟರಿ ನೋಡುತ್ತಿದ್ದೆ. ಕುಮಟೆಯ ನಮ್ಮ ಶೋರೂಮಿನ ಎದುರಿಗೆ ಹಾಸಿದ ಹಾಗೆ ಸಪಾಟು ಅಂಗಳ. ಒಂದು ಬದಿಗೆ ಮಾತ್ರ ಸಣ್ಣ ಇಳಿಜಾರು. ಅಷ್ಟು ದೊಡ್ಡ ಅಂಗಳ ಬಿಟ್ಟು ಅಲ್ಲೇ ಹೋಗಿ ನಿಲ್ಲಿಸುತ್ತಾನೆಂದರೆ ಹೋಗುವಾಗ ನೂಕಿ ಶುರು ಮಾಡಬೇಕು, ಮತ್ತೇನಲ್ಲ. "ಅಲ್ಲೆಂತಕ್ಕೆ ನಿಲ್ಸಿದ್ರಿ?" ಎಂದು ಕೇಳಿದರೆ "ನೆರಳು ಅದೆ ಅಕ್ಕೋರೆ" ಅನ್ನುವರು. ಅಲ್ಲಿ ಒಂದು ಗಿಡವೂ ಇಲ್ಲ ಮಾರಾಯ್ರೆ!

ಇದನ್ನೆಲ್ಲ ಬರೆಯಿರಿ ಎಂದು ನನಗೆ ಗಂಟು ಬಿದ್ದವಳು ಈಗ ನನ್ನ ಕುರ್ಚಿಯಲ್ಲಿ ಕೂತಿರುವ ಹುಡುಗಿ. ಹಳೆ ಗಾಡಿ ಕೊಟ್ಟು ಹೊಸದು ಒಯ್ಯುವವರು ಬಂದರೆ, ಆ ಹಳೆಯದರ ಯೋಗ್ಯತೆ ಎಷ್ಟು ಎಂದು ಹೇಳುವುದು ಅವಳ ಕೆಲಸ. ಮೊದಲು ಅದು ನನ್ನದಾಗಿತ್ತು. ಅವಳ ಕೈಯಲ್ಲಿ ಒಂದು ಯಂತ್ರವಿದೆ. ಗಾಡಿಗೆ ಚುಚ್ಚಿದರೆ ಇಂಜಿನ್ನಿನ ಜಾತಕವೆಲ್ಲ ಪರದೆಯ ಮೇಲೆ ಬರುತ್ತದೆ. ನಮ್ಮ ಕಾಲದಲ್ಲಿ ಯಂತ್ರವೆಂದರೆ ಕಣ್ಣು, ಮೂಗು, ಕಿವಿ, ಮತ್ತೆ ಒಂದು ಬಿಳಿ ಟವೆಲ್. ಟವೆಲ್ಲನ್ನು ಹೊಗೆ ಕೊಳವೆಯ ಬಾಯಿಗೆ ಹಿಡಿದು ಆಕ್ಸಿಲರೇಟರ್ ಒತ್ತಿಸುವುದು. ಟವೆಲ್ ಬಿಳಿಯಾಗೇ ಉಳಿದರೆ ಇಂಜಿನ್ ಗಟ್ಟಿ. ಎಣ್ಣೆಯ ಜಿಡ್ಡು ಕೂತರೆ ಒಳಗೆ ಸವೆದಿದೆ ಎಂದು ಅರ್ಥ. ನನ್ನ ಮನೆಯಲ್ಲಿ ಮುಖ ಒರೆಸಲು ಒಂದೂ ಸರಿಯಾದ ಟವೆಲ್ ಇರಲಿಲ್ಲ.

ನಾನು ಈ ಕೆಲಸಕ್ಕೆ ಬಿದ್ದದ್ದು ಅಪ್ಪನ ದೆಸೆಯಿಂದ. ಅಪ್ಪ ಭಟ್ಕಳ ಕಡೆಯವನು. ಹೊನ್ನಾವರದಲ್ಲಿ ಹೈವೇ ಬದಿಗೆ ಗ್ಯಾರೇಜು ಇಟ್ಟಿದ್ದ, ಎಲ್ಲರಿಗೂ ಮೇಸ್ತ್ರಿ. ನಾನು ಅಲ್ಲೇ ಸ್ಪ್ಯಾನರ್ ಆಟದ ಸಾಮಾನು ಮಾಡಿಕೊಂಡು ಬೆಳೆದವಳು. ಗಾಡಿ ರಿಪೇರಿಗೆ ಬಂತೆಂದರೆ ಅಪ್ಪ ಬಾನೆಟ್ ಎತ್ತುವ ಮೊದಲೇ ರಾಗವಾಗಿ ಕೇಳುವುದೊಂದಿತ್ತು: "ಎಣ್ಣೆ ಕುಡಿಯೂದು ಉಂಟಾ?" ಇಂಜಿನ್ ಆಯಿಲ್ ಸುಟ್ಟು ಖಾಲಿಯಾಗುತ್ತದಾ ಎಂದು ಅದರ ಅರ್ಥ. ಅವನು ಹೇಳುತ್ತಿದ್ದ ಇನ್ನೊಂದು ಮಾತು, "ಗಾಡಿ ಸುಳ್ಳು ಹೇಳೂದಿಲ್ಲ ಮಗಾ, ಗಾಡಿಯವ ಹೇಳ್ತಾನೆ." ಈ ಎರಡು ಮಾತು ಕಟ್ಟಿಕೊಂಡು ನಾನು ಶೋರೂಮಿಗೆ ಹೋದೆ. ಸೇರಿದ್ದು ಬಿಲ್ ಬರೆಯಲು. ಒಂದು ದಿನ ಗಾಡಿ ನೋಡುವವನು ಬರಲಿಲ್ಲವೆಂದು ನಾನು ಎದ್ದು ನೋಡಿದೆ. ಮತ್ತೆ ಕೂತದ್ದು ನಿವೃತ್ತಿಯ ದಿನವೇ.

ಗಂಡಸರಿಗೆ ಮೊದಮೊದಲು ನನ್ನ ಹತ್ತಿರ ಗಾಡಿ ತೋರಿಸಲು ಅವಮಾನ. "ಗಾಡಿ ನೋಡುವವ್ರು ಎಲ್ಲಿ?" ಎಂದು ನನ್ನ ತಲೆಯ ಮೇಲಿಂದ ಆಚೆ ನೋಡುತ್ತಿದ್ದರು. "ಎದುರಿಗೇ ನಿಂತಿದ್ದಾರೆ" ಅನ್ನುತ್ತಿದ್ದೆ. ಆಮೇಲೆ ನಾನು ಗಾಡಿಯಡಿಗೆ ಗೋಣಿ ಹಾಸಿ ನುಗ್ಗುವುದನ್ನು ಕಂಡು ಅವರೇ ಗಾಬರಿಯಾಗುತ್ತಿದ್ದರು. ನಮ್ಮ ಕರಾವಳಿಯಲ್ಲಿ ಗಾಡಿಯನ್ನು ಮೇಲಿನಿಂದ ನೋಡಿ ಏನು ಸುಖ? ಉಪ್ಪು ಗಾಳಿ ತಿನ್ನುವುದು ಅಡಿಯಿಂದ. ಮೇಲೆ ಮದುಮಗನ ಹಾಗೆ ಮಿಂಚುವ ಗಾಡಿಯ ಅಡಿಯಲ್ಲಿ ಬೆರಳು ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು.

ಮೂಗಿನ ಕೆಲಸ ಇನ್ನೂ ದೊಡ್ಡದು. ಮೀನು ಸಾಗಿಸಿದ ಗಾಡಿ ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ. ಮಂಜುಗಡ್ಡೆಯ ನೀರು ಸೀಟಿನಡಿ ಇಳಿದು ತಗಡು ತಿಂದಿರುತ್ತದೆ. ಅದು ಗೊತ್ತಾಗಬಾರದೆಂದು ಒಬ್ಬ ಮಹಾಶಯ ಡಿಕ್ಕಿಯಲ್ಲಿ ಹಣ್ಣಾದ ಹಲಸಿನಕಾಯಿ ಇಟ್ಟುಕೊಂಡು ಬಂದ. "ನಿಮ್ಗೇ ತಂದದ್ದು ಅಕ್ಕೋರೆ" ಎಂದು ಹಲ್ಲು ಕಿಸಿದ. ನಾನು ಹಲಸನ್ನು ಇಳಿಸಿಕೊಂಡೆ, ಥ್ಯಾಂಕ್ಸ್ ಹೇಳಿದೆ, ಡಿಕ್ಕಿಯನ್ನು ಬಿಸಿಲಿಗೆ ತೆರೆದಿಟ್ಟು ಊಟಕ್ಕೆ ಹೋದೆ. ತಿರುಗಿ ಬರುವಾಗ ಊರಿನ ಬೆಕ್ಕುಗಳೆಲ್ಲ ಗಾಡಿಯ ಸುತ್ತ ಸಭೆ ಸೇರಿದ್ದವು. ಅವನೇ ನಕ್ಕುಬಿಟ್ಟ. ಹಲಸು ಮಾತ್ರ ಬಹಳ ಸಿಹಿ ಇತ್ತು.

ಇಷ್ಟೆಲ್ಲ ಕಲಿತಮೇಲೂ ನಾನು ಜಾರಿ ಬೀಳುತ್ತಿದ್ದದ್ದು ಗಾಡಿಯಲ್ಲಿ ಅಲ್ಲ, ಮಾತಿನಲ್ಲಿ. ಭಟ್ಕಳದಲ್ಲಿ ಒಬ್ಬರು ಸಾಯ್ಬರು, ದುಬೈಯಲ್ಲಿ ಇದ್ದವರು, ರಜೆಗೆ ಬಂದಾಗ ಮನೆಯ ಗಾಡಿ ಕೊಡುತ್ತೇನೆಂದು ಕರೆದರು. "ಈ ಗಾಡಿ ಓಡ್ಲೇ ಇಲ್ಲ ಅಕ್ಕಾ, ಶೆಡ್ಡಲ್ಲೇ ಉಂಟು" ಎಂದು ಫೋನಿನಲ್ಲಿ ಹೇಳಿದರು. ಅಬ್ಬ, ಕಡಿಮೆ ಓಡಿದ ಗಾಡಿ ಎಂದು ನಾನು ಮ್ಯಾನೇಜರರಿಗೆ ಹೇಳಿ, ಕುಣಿಯುತ್ತ ಭಟ್ಕಳಕ್ಕೆ ಹೋದೆ. ಹೋಗಿ ಚಾವಿ ತಿರುಗಿಸಿದರೆ ಟಕ್ ಎಂದೂ ಅನ್ನಲಿಲ್ಲ. ಒಳಗೆ ಇಲಿಯ ಸಂಸಾರ, ಮಕ್ಕಳು ಮರಿ ಸಮೇತ. ವೈರೆಲ್ಲ ಅವುಗಳ ಹೊಟ್ಟೆಯಲ್ಲಿ. "ಓಡ್ಲೇ ಇಲ್ಲ ಅಂತ ಹೇಳಿದ್ನಲ್ಲ" ಎಂದು ಸಾಯ್ಬರು ತಣ್ಣಗೆ ಹೇಳಿದರು. ಅವರು ಹೇಳಿದ್ದು ಅಕ್ಷರಶಃ ಸತ್ಯ. ಅವರ ಮನೆಯವರು ಕೊಟ್ಟ ಬಿರಿಯಾನಿ ತಿಂದು, ಇಲಿಗಳಿಗೆ ಕೈಮುಗಿದು ಬಸ್ ಹತ್ತಿದೆ.

ಈಗ ಜಟ್ಟಪ್ಪನ ಗಾಡಿಯ ವಿಷಯ ಹೇಳುತ್ತೇನೆ. ಆ ಹುಡುಗಿಗೆ ನಾನು ಹೇಳಬೇಕಾದದ್ದೆಲ್ಲ ಅದರಲ್ಲೇ ಇದೆ.

ಜಟ್ಟಪ್ಪ ಹೊನ್ನಾವರದ ಆಚೆ ಕಾಸರಕೋಡಿನವ. ಬಾಡಿಗೆ ಗಾಡಿ ಹೊಡೆಯುತ್ತಿದ್ದ. ಪ್ರವಾಸಿಗಳನ್ನು ಅಪ್ಸರಕೊಂಡಕ್ಕೆ, ಓಂ ಬೀಚಿಗೆ, ಮುರ್ಡೇಶ್ವರಕ್ಕೆ ತಿರುಗಿಸುವ ಕೆಲಸ. ಗಾಡಿ ಹಳತಾಗಿತ್ತು. ಓಂ ಬೀಚ್ ಕಡೆಯ ಗೆಸ್ಟ್ ಹೌಸಿನವರು ಈ ಗಾಡಿ ತಂದರೆ ಇನ್ನು ಬಾಡಿಗೆ ಕೊಡುವುದಿಲ್ಲ ಎಂದಿದ್ದರಂತೆ. ಅದಕ್ಕೆ ಹಳೆಯದನ್ನು ಕೊಟ್ಟು ಹೊಸದು ಮಾಡಲು ಬಂದ. ಜೊತೆಗೆ ಹೆಂಡತಿ ಗಿರಿಜಾ, ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಗಾಡಿ ಅವಳ ಹೆಸರಿನಲ್ಲಿತ್ತು, ಸಹಿಗೆ ಅವಳು ಬೇಕು. ಚೊಕ್ಕ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮದುವೆಗೆ ಬಂದವಳ ಹಾಗೆ ಬಂದಿದ್ದಳು.

ಜಟ್ಟಪ್ಪ ಗಾಡಿಯನ್ನು ಸಪಾಟು ಜಾಗದಲ್ಲೇ ನಿಲ್ಲಿಸಿದ. ಒಂದು ಅಂಕ ಕೊಟ್ಟೆ. ಡಿಕ್ಕಿಯಲ್ಲಿ ಹಲಸಿರಲಿಲ್ಲ. ಇನ್ನೊಂದು ಅಂಕ. ಟವೆಲ್ ಹಿಡಿದೆ, ಬಿಳಿಯಾಗೇ ಉಳಿಯಿತು. ಗಾಡಿಯ ವಯಸ್ಸಿಗೆ ಇದು ಸ್ವಲ್ಪ ಹೆಚ್ಚಾಯಿತಲ್ಲ ಎಂದು ಅನುಮಾನ ಬಂದು, ಅಪ್ಪನ ಹಾಗೇ ರಾಗವಾಗಿ ಕೇಳಿದೆ:

"ಎಣ್ಣೆ ಕುಡಿಯೂದು ಉಂಟಾ?"

ಜಟ್ಟಪ್ಪನ ಮುಖ ಕೆಂಪಾಯಿತು. ಹೆಂಡತಿಯ ಕಡೆ ನೋಡಿದ. ಆಮೇಲೆ ಎದೆಯ ಮೇಲೆ ಕೈ ಇಟ್ಟು ಹೇಳಿದ, "ಒಂದು ಹನಿಯೂ ಇಲ್ಲ ಅಕ್ಕೋರೆ. ಇಡಗುಂಜಿ ಗಣಪತಿ ಆಣೆ."

ಗಿರಿಜಾಳ ಕಣ್ಣಲ್ಲಿ ನೀರು ಬಂತು. "ಹೌದು ಅಕ್ಕೋರೆ, ಈಗ ಇಲ್ಲವೇ ಇಲ್ಲ" ಅಂದಳು.

ಭಲೆ, ಇಂಜಿನ್ನಿನ ಬಗ್ಗೆ ಇಷ್ಟು ಕಳಕಳಿ ಇರುವ ಹೆಂಗಸನ್ನು ನಾನು ಕಂಡೇ ಇಲ್ಲ ಎಂದು ನನಗೆ ಬಹಳ ಸಂತೋಷವಾಯಿತು.

ನನಗೆ ಆಮೇಲೆ ತಿಳಿದದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಜಟ್ಟಪ್ಪ ಹಿಂದೆ ಚೆನ್ನಾಗಿ ಕುಡಿಯುತ್ತಿದ್ದವನು. ನಮ್ಮ ಕಡೆ ಸಾರಾಯಿಗೂ ಎಣ್ಣೆ ಎಂದೇ ಹೆಸರು. ಗಿರಿಜಾ ಸಹಿಸಿ ಸಹಿಸಿ, ಕೊನೆಗೆ ಮಾವಳ್ಳಿಯ ತವರಿಗೆ ಹೋಗಿ ಕೂತಿದ್ದಳು. ಅವನು ಬಿಟ್ಟ. ಖರೇ ಬಿಟ್ಟ. ಆಮೇಲೆ ಅವಳು ಮನೆಗೆ ಬಂದಳು, ಆದರೆ ಒಂದು ಕರಾರಿನ ಮೇಲೆ: ಇನ್ನೊಂದು ಸಲ ಬಾಟಲಿ ಮುಟ್ಟಿದ್ದು ಗೊತ್ತಾದರೆ ಮತ್ತೆ ಈ ಹೊಸ್ತಿಲು ದಾಟುವುದಿಲ್ಲ. ಪಾಪ, ಶೋರೂಮಿನವರು ಹೊಸ ಗಾಡಿ ಕೊಡುವ ಮೊದಲು ಡ್ರೈವರ್ ಕುಡಿಯುತ್ತಾನಾ ಎಂದು ವಿಚಾರಿಸುತ್ತಿದ್ದಾರೆ ಎಂದೇ ಇಬ್ಬರೂ ತಿಳಿದಿದ್ದರು.

ಗಾಡಿಯನ್ನು ಒಂದು ರಾತ್ರಿ ನಮ್ಮಲ್ಲೇ ಬಿಡಬೇಕಿತ್ತು, ಬೆಳಿಗ್ಗೆ ತಣ್ಣಗಿರುವಾಗ ನಾನು ಓಡಿಸಿ ನೋಡುವ ಪದ್ಧತಿ. ಜಟ್ಟಪ್ಪ ಕುಮಟೆಯಲ್ಲೇ ಅಕ್ಕನ ಮನೆಯಲ್ಲಿ ಉಳಿದ. ಗಿರಿಜಾ ಮರುದಿನ ಅಡುಗೆಗೆ ಹೋಗಬೇಕೆಂದು ಬಸ್ಸಿನಲ್ಲಿ ಮನೆಗೆ ಹೋದಳು.

ಬೆಳಿಗ್ಗೆ ಗಾಡಿಯನ್ನು ಶಿರಸಿ ರಸ್ತೆಯ ದೇವಿಮನೆ ಘಟ್ಟಕ್ಕೆ ಹತ್ತಿಸಿದೆ. ಕೆಳಗೆ ಸಭ್ಯನ ಹಾಗೆ ಇದ್ದ ಗಾಡಿ ಏರು ಸಿಕ್ಕಿದ ಕೂಡಲೇ ನಿಜರೂಪ ತೋರಿಸಿತು. ಹಿಂದೆ ರಸ್ತೆಯೇ ಕಾಣದಷ್ಟು ಹೊಗೆ. ಹಿಂದೆ ಬರುತ್ತಿದ್ದ ಬೈಕಿನವ ಕೆಮ್ಮುತ್ತ ಮುಂದೆ ಬಂದು ನನಗೆ ಕೇಳುವ ಹಾಗೆ ಬೈದು ಹೋದ. ನನಗೆ ಸಿಟ್ಟು ನೆತ್ತಿಗೇರಿತು. ಗಣಪತಿ ಆಣೆ ಹಾಕಿ ಸುಳ್ಳು ಹೇಳಿದನಲ್ಲ!

ಶೋರೂಮಿಗೆ ಬಂದವಳೇ, ಗಾಡಿಯ ದಾಖಲೆಯಲ್ಲಿದ್ದ ಯಜಮಾನಿಗೇ ಫೋನ್ ಹಚ್ಚಿದೆ. ಆ ಮಾತುಕತೆ ನನಗೆ ಇವತ್ತಿಗೂ ಬಾಯಿಪಾಠ.

"ಗಿರಿಜಾ, ನಿಮ್ಮ ಯಜಮಾನ್ರು ನಿನ್ನೆ ಆಣೆ ಹಾಕಿದ್ರಲ್ಲ, ಅದು ಸುಳ್ಳು" ಅಂದೆ.

"ಎಂತ ಸುಳ್ಳು ಅಕ್ಕೋರೆ?"

"ಎಣ್ಣೆ ಕುಡಿಯೂದು ಜೋರೇ ಉಂಟು. ಈಗಷ್ಟೇ ಕಣ್ಣಾರೆ ನೋಡ್ಕಂಡು ಬಂದೆ."

"ಬೆಳಿಗ್ಗೆ ಬೆಳಿಗ್ಗೆಯಾ?" ಎಂದು ಸಣ್ಣ ಸ್ವರದಲ್ಲಿ ಕೇಳಿದಳು.

"ಬೆಳಿಗ್ಗೆ ಎಂತ, ಸಂಜೆ ಎಂತ, ಚಟ ಅಂದ್ಮೇಲೆ ಹೊತ್ತು ಉಂಟಾ? ಹೊಗೆ ಬಿಡೂದು ಬೇರೆ."

"ಹೊಗೆಯೂ ಉಂಟಾ!"

"ಕಣ್ಣು ಉರೀಬೇಕು, ಅಂಥ ಹೊಗೆ. ಇದು ಇವತ್ತು ನಿನ್ನೆಯದಲ್ಲ ಗಿರಿಜಾ. ನಿಮಗೆ ಗೊತ್ತಾಗದ ಹಾಗೆ ಮುಚ್ಚಿಟ್ಟದ್ದು. ಒಳಗೆ ಪೂರಾ ಸವೆದು ಹೋಗಿದೆ. ಹೀಗೇ ಬಿಟ್ರೆ ಒಂದಿನ ದಾರಿ ಮಧ್ಯ ಬೀಳೂದೇ."

ಅವಳು ಅಳುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಗಾಡಿಗೆ ಅಳುವವರು ಇದ್ದಾರೆ, ನಾನು ನೋಡಿದ್ದೇನೆ. ಸಮಾಧಾನ ಮಾಡೋಣ ಎಂದು ಹೇಳಿದೆ:

"ಅಳ್ಬೇಡಿ. ಇಷ್ಟು ವರ್ಷ ಹೊಂದ್ಕಂಡು ಹೋದದ್ದೇ ದೊಡ್ಡದು. ರಿಪೇರಿ ಮಾಡ್ತೆ ಅಂತ ಹೊರಟ್ರೆ ನಿಮಗೇ ಲುಕ್ಸಾನು. ನನ್ನ ಕೇಳಿದ್ರೆ ಬಿಟ್ಬಿಡಿ. ಹೊಸದು ನೋಡ್ಕಳ್ಳಿ."

ಫೋನ್ ಕಟ್ಟಾಯಿತು.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನಮ್ಮ ಕನ್ನಡದಲ್ಲಿ ಒಂದು ದೊಡ್ಡ ಸೌಕರ್ಯ ಉಂಟು, ಯಾರು ಕುಡಿಯುವುದು ಎಂದು ಹೇಳದೆಯೇ ಕುಡಿಯುವ ವಿಷಯ ಪೂರ್ತಿ ಮಾತಾಡಿ ಮುಗಿಸಬಹುದು. ಒಂದೇ ಒಂದು ಸಲ "ಗಾಡಿ" ಎಂದು ಬಾಯಿಗೆ ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಬರಲಿಲ್ಲ!

ಮಧ್ಯಾಹ್ನ ಜಟ್ಟಪ್ಪ ಓಡುತ್ತ ಬಂದ. ಕೂದಲು ಕೆದರಿದೆ, ಕಾಲಿಗೆ ಚಪ್ಪಲಿಯಿಲ್ಲ.

"ಅಕ್ಕೋರೆ, ನನ್ನ ಹೆಂಡ್ತಿಗೆ ಎಂತ ಹೇಳಿದ್ರಿ ನೀವು? ಅಡುಗೆ ಅರ್ಧಕ್ಕೆ ಬಿಟ್ಟು ಮಾವಳ್ಳಿಗೆ ಹೋಗ್ಬಿಟ್ಲು. ಅತ್ತೆ ಫೋನು ಮಾಡಿ ಬಾಯಿಗೆ ಬಂದಂಗೆ ಬೈದ್ರು. ನಾನು ಬೆಳಿಗ್ಗೇನೇ ಕುಡ್ದು ಬಿದ್ದೆ ಅಂತ ಶೋರೂಮಿನ ಅಕ್ಕೋರು ಹೇಳಿದ್ರಂತೆ. ನನ್ನ ಬಿಟ್ಟು ಹೊಸಬ್ನ ನೋಡ್ಕಾ ಅಂತಲೂ ಹೇಳಿದ್ರಂತೆ!"

ಒಂದು ಗಳಿಗೆ ನನಗೆ ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲ ಒಟ್ಟಿಗೇ ತಿಳಿಯಿತು. ನಗು ಬಂತು, ಅವನ ಮುಖ ನೋಡಿ ನಗು ಒಳಗೇ ಸತ್ತಿತು. ಫೋನ್ ಮಾಡಿದೆವು. ಗಿರಿಜಾಳದು ಸ್ವಿಚ್ ಆಫ್. ಅತ್ತೆ ಫೋನ್ ಎತ್ತಿ, ಕೇಳದೆ, ಬೈದು, ಇಟ್ಟರು.

ಮ್ಯಾನೇಜರರಿಗೆ ಹೋಗಿ ಹೇಳಿದೆ. ಅವರು ಹುಬ್ಬಳ್ಳಿ ಕಡೆಯವರು, ಸಿಡುಕು ಜಾಸ್ತಿ, ಆದರೆ ಒಳಗೆ ಬೆಲ್ಲ. ಕೇಳಿ ಕೇಳಿ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಕಣ್ಣೊರೆಸಿಕೊಂಡು ಹೇಳಿದರು, "ಮೊದಲ ಹೋಗಿ ಅವರ ಸಂಸಾರ ಸರಿ ಮಾಡ್ರಿ ಮೇಡಂ. ಆದ್ರ ಒಂದು ಮಾತು. ಗಾಡಿ ಸವೆದಿದ್ರ ಸವೆದ ರೇಟು ಕೊಡೋಣ. ಬೇಕಂತನ ಮುಚ್ಚಿಟ್ಟು ಮೋಸ ಮಾಡ್ಯಾನ ಅಂದ್ರ ಆ ಗಾಡಿ ನಮಗ ಬ್ಯಾಡ. ನಿಮಗ ಗೊತ್ತೈತಿ ರೂಲು."

ಹೋಗಲು ಬೇರೆ ಗಾಡಿ ಇರಲಿಲ್ಲ. ಅದೇ ಕುಡುಕ ಗಾಡಿಯಲ್ಲಿ ನಾವಿಬ್ಬರೂ ಮಾವಳ್ಳಿಗೆ ಹೊರಟೆವು. ಜಟ್ಟಪ್ಪ ಹೊಡೆಯುತ್ತಿದ್ದ, ನಾನು ಪಕ್ಕದಲ್ಲಿ. ಹಿಂದೆ ಜಾತ್ರೆಯಲ್ಲಿ ಮದ್ದಿನ ಔಟು ಸಿಡಿಸಿದ ಹಾಗೆ ಹೊಗೆ. ಶರಾವತಿ ಸೇತುವೆಯ ಮೇಲೆ ಲಾರಿಯವನೊಬ್ಬ ಹಾರ್ನಿನಲ್ಲೇ ನಮ್ಮ ವಂಶ ಉದ್ಧಾರ ಮಾಡಿದ.

"ಜಟ್ಟಪ್ಪ, ನಿನ್ನೆ ಇಷ್ಟು ಹೊಗೆ ಇರ್ಲಿಲ್ಲ. ದಪ್ಪ ಎಣ್ಣೆ ಏನಾದ್ರೂ ಹಾಕಿದ್ಯಾ?" ಎಂದು ಕೇಳಿದೆ. ಸವೆದ ಇಂಜಿನ್ನಿಗೆ ಅಂಟಂಟು ದಪ್ಪ ಎಣ್ಣೆ ತುಂಬಿದರೆ ಸ್ವಲ್ಪ ಹೊತ್ತು ಹೊಗೆ ಕಟ್ಟುತ್ತದೆ. ಹಳೆ ಗಾಡಿ ಮಾರುವವರ ಬಹಳ ಹಳೆಯ ಉಪಾಯ ಅದು.

"ಇಲ್ಲಪ್ಪ" ಅಂದ, ಎದುರು ರಸ್ತೆ ನೋಡುತ್ತ.

ಮಂಕಿಯಲ್ಲಿ ಗಾಡಿಯ ಮೀಟರಿನಲ್ಲಿ ಎಣ್ಣೆ ಮುಗಿಯಿತೆಂಬ ಕೆಂಪು ದೀಪ ಹೊತ್ತಿಕೊಂಡಿತು. ಅಷ್ಟೊತ್ತಿಗೆ ಗಾಡಿ ಒಳಗಿದ್ದದ್ದನ್ನೆಲ್ಲ ಕುಡಿದು ಮುಗಿಸಿತ್ತು. ಜಟ್ಟಪ್ಪ ಬದಿಗೆ ನಿಲ್ಲಿಸಿ, ಇಳಿದು, ಏನೋ ಹೊಯ್ದು ಬಂದ. ನಾನು ನೋಡಲಿಲ್ಲ, ಗಿರಿಜಾಳಿಗೆ ಏನು ಹೇಳುವುದು ಎಂದು ತಲೆ ಕೆಟ್ಟು ಹೋಗಿತ್ತು.

ಮಾವಳ್ಳಿಯ ಮನೆಯ ಅಂಗಳದಲ್ಲಿ ಅತ್ತೆ ಸಣ್ಣಮ್ಮ ಮೀನು ಒಣಗಿಸುತ್ತಿದ್ದರು. ಕಾಗೆ ಓಡಿಸುವ ಕೋಲು ಕೈಯಲ್ಲೇ ಇತ್ತು. ಅಳಿಯನನ್ನು ಕಂಡದ್ದೇ ಕೋಲು ಎತ್ತಿದರು. ಆಮೇಲೆ ಇನ್ನೊಂದು ಬಾಗಿಲಿಂದ ನಾನು ಇಳಿದೆ.

"ಓಹೋ! ಇವಳ್ಯಾರು? ಹೊಸದು ನೀನೇ ನೋಡ್ಕಂಡ್ಯನಾ?" ಎಂದು ಕೂಗಿದರು. ಬೇಲಿಯಾಚೆಯ ಮನೆಯವರು ಕೆಲಸ ಬಿಟ್ಟು ಬಂದು ನಿಂತರು.

"ಅಮ್ಮಾ, ನಾನು ಶೋರೂಮಿನವಳು. ಬೆಳಿಗ್ಗೆ ಫೋನಲ್ಲಿ ಹೇಳಿದ್ದು ಗಾಡಿ ವಿಷಯ. ಎಣ್ಣೆ ಕುಡಿಯೂದು ಗಾಡಿ, ಇವ್ನಲ್ಲ" ಎಂದೆ.

"ಗಾಡಿ ಎಣ್ಣೆ ಕುಡೀತದಾ? ನಾಳೆ ಬೋಟು ಎಲೆ-ಅಡಿಕೆ ಹಾಕ್ತದೆ ಅಂತಿ. ಗಂಡಸ್ರ ಪರ ಸಾಕ್ಷಿ ಹೇಳೂಕೆ ಇಷ್ಟು ದೂರ ಬಂದ್ಯಲ್ಲ, ನಿಂಗೆ ನಾಚ್ಕೆ ಆಗೂದಿಲ್ವಾ?"

ಗಿರಿಜಾ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಊದಿತ್ತು. "ಅಕ್ಕೋರೆ, ಬೆಳಿಗ್ಗೆ ಒಂದು ಹೇಳಿ ಈಗ ಒಂದು ಹೇಳ್ಬೇಡಿ. ಇವ್ರು ನಿಮ್ಮ ಕೈ ಕಾಲು ಹಿಡ್ಕಂಡು ಕರ್ಕಂಡು ಬಂದ್ರು, ನಂಗೆ ಗೊತ್ತದೆ" ಅಂದಳು.

"ಬಾಯಿ ಮಾತು ಬೇಡ, ತೋರ್ಸ್ತೆ" ಎಂದು ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಚೀಲದಿಂದ ಟವೆಲ್ ತೆಗೆದು ಹೊಗೆ ಕೊಳವೆಗೆ ಹಿಡಿದೆ. "ಜಟ್ಟಪ್ಪ, ಒತ್ತು!"

ಗಾಡಿ ಗುರ್‌ ಎಂದಿತು. ಟವೆಲ್ ಎತ್ತಿ ಎಲ್ಲರಿಗೂ ತೋರಿಸಿದೆ. ಅಚ್ಚ ಬಿಳಿ.

ಇನ್ನೊಮ್ಮೆ ಹಿಡಿದೆ. ಬಿಳಿ! ಕುಮಟೆಯಿಂದ ಮಂಕಿಯ ತನಕ ಊರೂರಿಗೆ ಹೊಗೆ ಹಂಚಿದ ಗಾಡಿ, ಬೇಕಾದ ಹೊತ್ತಿಗೆ ಏಕಾದಶಿ ಮಾಡುತ್ತ ನಿಂತಿತ್ತು.

"ನೋಡು, ಗಾಡಿ ನಿಮ್ಮಿಬ್ರಿಗಿಂತ ಸತ್ಯವಂತ" ಎಂದು ಸಣ್ಣಮ್ಮ ತೀರ್ಪು ಕೊಟ್ಟರು. ಬೇಲಿಯಾಚೆ ಕಿಸಕ್ಕನೆ ನಕ್ಕರು. ಗಿರಿಜಾ ಒಳಗೆ ಹೋಗಲು ತಿರುಗಿದಳು.

ನಾನು ಜಟ್ಟಪ್ಪನನ್ನು ನೋಡಿದೆ. ಅವನು ನನ್ನನ್ನು ನೋಡಿದ. ಮಂಕಿಯಲ್ಲಿ ಅವನು ಏನು ಹೊಯ್ದ ಎಂದು ನನಗೆ ಆಗ ಹೊಳೆಯಿತು. ನಾನು ಬಾಯಿ ಬಿಡಬಹುದಿತ್ತು, ಆದರೆ ನಾನು ಹೇಳಿದರೆ ನಂಬುವವರು ಯಾರು? ಅವನೇ ಹೇಳಬೇಕು. ನನ್ನೆದುರು ಹೇಳಿದರೆ ಹಳೆ ಗಾಡಿಯ ವ್ಯಾಪಾರ ಹೋಯಿತು, ಹೊಸ ಗಾಡಿಯೂ ಹೋಯಿತು, ಓಂ ಬೀಚಿನ ಬಾಡಿಗೆಯೂ ಹೋಯಿತು. ಹೇಳದಿದ್ದರೆ ಹೆಂಡತಿ ಹೋದಳು.

ಜಟ್ಟಪ್ಪ ಇಂಜಿನ್ ನಿಲ್ಲಿಸಿ ಇಳಿದ. ನೇರ ಡಿಕ್ಕಿಗೆ ಹೋಗಿ, ಸ್ಟೆಪ್ನಿಯ ಅಡಿಗೆ ಕೈ ಹಾಕಿ, ಗೋಣಿಯಲ್ಲಿ ಸುತ್ತಿಟ್ಟ ಡಬ್ಬಿ ತೆಗೆದ. ತಂದು ಅಂಗಳದ ನಡುವೆ ಇಟ್ಟ.

"ಗಿರ್ಜೆ, ಇಲ್ಲಿ ನೋಡು. ಇದು ದಪ್ಪ ಎಣ್ಣೆ. ಗಾಡಿಗೆ ಇದನ್ನ ಹಾಕಿದ್ರೆ ಹೊಗೆ ಕಾಣೂದಿಲ್ಲ. ನಿನ್ನೆ ಹಾಕ್ದೆ, ಈಗ ದಾರಿಲೂ ರೂಢಿ ಮೇಲೆ ಹಾಕ್ದೆ. ಈ ಅಕ್ಕೋರಿಗೆ ಟೋಪಿ ಹಾಕೂಕೆ ತಂದಿಟ್ಟದ್ದು. ಗಾಡಿ ಕುಡೀತದೆ ಮಾರಾಯ್ತಿ, ಹಂಡೆಗಟ್ಟಲೆ ಕುಡೀತದೆ. ಮೋಸ ಮಾಡಿದ್ದು ಹೌದು. ಕುಡ್ದದ್ದಲ್ಲ."

ಆಮೇಲೆ ನನ್ನ ಕಡೆ ತಿರುಗಿ, "ಗಾಡಿ ಬೇಡ ಅಂತ ಬರ್ಕಳ್ಳಿ ಅಕ್ಕೋರೆ, ಅಡ್ಡಿಲ್ಲ" ಅಂದ.

ಗಾಡಿ ಸುಳ್ಳು ಹೇಳೂದಿಲ್ಲ, ಗಾಡಿಯವ ಹೇಳ್ತಾನೆ ಎನ್ನುತ್ತಿದ್ದ ಅಪ್ಪ. ಆ ಅಂಗಳದಲ್ಲಿ ಗಾಡಿಯೇ ಸುಳ್ಳು ಹೇಳಿತು, ಗಾಡಿಯವ ಸತ್ಯ ಹೇಳಿದ. ನನ್ನ ಎದೆ ತುಂಬಿ ಬಂತು ಎಂದು ಇಲ್ಲಿ ಹೇಳಲು ನನಗೆ ನಾಚಿಕೆಯಿಲ್ಲ.

ಗಿರಿಜಾ ಅಂಗಳಕ್ಕೆ ಇಳಿದಳು. ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. ಆಮೇಲೆ ಗಂಡನ ಹತ್ತಿರ ಹೋಗಿ, ಊರವರ ಎದುರೇ, "ಬಾಯಿ ಬಿಡಿ" ಅಂದಳು. ಜಟ್ಟಪ್ಪ ಶಾಲೆಯ ಹುಡುಗನ ಹಾಗೆ ಬಾಯಿ ಬಿಟ್ಟ. ಅವಳು ಅದನ್ನೂ ಮೂಸಿದಳು. "ಇಷ್ಟೊತ್ತಿನ ತನಕ ಊಟ ಮಾಡ್ಲಿಲ್ವಾ?" ಎಂದು ಕೇಳಿದಳು.

"ಹೆಂಗೆ ಮಾಡೂದು?" ಅಂದ ಅವನು. ಅಷ್ಟೇ, ಇಬ್ಬರೂ ಅಳುತ್ತ ನಗತೊಡಗಿದರು.

ಸಣ್ಣಮ್ಮನಿಗೆ ಇನ್ನೂ ಸಮಾಧಾನವಿಲ್ಲ. "ಹಾಗಾದ್ರೆ ಕುಡಿಯೂದು ತೋರ್ಸು ನೋಡ್ವ" ಎಂದು ಹಟ ಹಿಡಿದರು. ಜಟ್ಟಪ್ಪ ಗಾಡಿಯನ್ನು ಮತ್ತೆ ಶುರು ಮಾಡಿ ಒತ್ತಿದ, ಬಿಡದೆ ಒತ್ತಿದ. ಇಂಜಿನ್ ಕಾದು ದಪ್ಪ ಎಣ್ಣೆ ನೀರಾಗುತ್ತಿದ್ದ ಹಾಗೆ ಕೊಳವೆಯಿಂದ ಮೊದಲು ಒಂದು ಎಳೆ, ಆಮೇಲೆ ಮೋಡದ ಹಾಗೆ ನೀಲಿ ಹೊಗೆ ಎದ್ದು ಅಂಗಳ, ಬೇಲಿ, ಒಣಮೀನು, ಅತ್ತೆ, ಎಲ್ಲವನ್ನೂ ನುಂಗಿತು. ಹೊಗೆಯ ಒಳಗಿಂದ ಸಣ್ಣಮ್ಮನ ಕೆಮ್ಮು ಕೇಳಿತು, ಜೊತೆಗೆ ಸ್ವರವೂ: "ಸಾಕನಾ, ನಿಲ್ಸನಾ! ಕುಡ್ದದ್ದು ಇದೇ, ಒಪ್ಕಂಡೆ! ನನ್ನ ಮೀನು ಹಾಳಾತು!"

ಆ ದಿನ ಅವರ ಮನೆಯಲ್ಲಿ ಉಂಡ ಬಂಗಡೆ ಸಾರಿನ ರುಚಿ ನನಗೆ ಮತ್ತೆ ಎಲ್ಲೂ ಸಿಗಲಿಲ್ಲ. ಸಣ್ಣಮ್ಮ ನನಗೆ ಎರಡೆರಡು ಸಲ ಬಡಿಸಿ, "ನೀನು ಒಳ್ಳೆಯವಳೇ, ಬಾಯಿ ಮಾತ್ರ ಸರಿ ಇಲ್ಲ" ಎಂದರು. ಸುಳ್ಳಲ್ಲ.

ಶೋರೂಮಿಗೆ ಬಂದು ಮ್ಯಾನೇಜರರ ಎದುರು ನಡೆದದ್ದನ್ನು ನಡೆದ ಹಾಗೆ ಹೇಳಿದೆ, ಡಬ್ಬಿಯ ಸಮೇತ. ಅವರು ಬಹಳ ಹೊತ್ತು ಪೆನ್ನು ತಿರುಗಿಸಿದರು. "ಮುಚ್ಚಿಟ್ಟಿದ್ದು ನೀವು ಕಂಡು ಹಿಡಿದ್ರೋ, ಅಂವನ ಹೇಳಿದ್ನೋ?" ಎಂದು ಕೇಳಿದರು.

"ಅವನೇ ಹೇಳಿದ, ಸರ್."

"ಅಂವನ ಹೇಳಿದ ಮ್ಯಾಲ ಮುಚ್ಚಿಟ್ಟಂಗ ಹೆಂಗಾತು? ಸವೆದ ಗಾಡಿ ರೇಟು ಹಾಕ್ರಿ." ನಾನು ಬಾಗಿಲ ತನಕ ಹೋದಾಗ ಕರೆದರು. "ಮೇಡಂ, ಇನ್ನ ಮ್ಯಾಲೆ ಯಾರ ಹೆಂಡ್ತಿಗೂ ಹೊಸದು ನೋಡ್ಕೋ ಅನ್ನಬ್ಯಾಡ್ರಿ."

ಹೊಸ ಗಾಡಿ ಒಯ್ಯುವ ದಿನ ಗಿರಿಜಾ ಮತ್ತೆ ಮಲ್ಲಿಗೆ ಮುಡಿದು ಬಂದಳು. ಚಕ್ರದಡಿ ನಿಂಬೆಹಣ್ಣು ಇಟ್ಟವರು ಸಣ್ಣಮ್ಮ.

ಅಂದಿನಿಂದ ನಾನು ಕರ್ತೃ ಬಿಟ್ಟು ಮಾತಾಡಲಿಲ್ಲ. "ಗಾಡಿ ಎಣ್ಣೆ ಕುಡಿತದಾ? ಗಾಡಿ ಓಡ್ತದಾ? ಗಾಡಿ ಹೊಗೆ ಬಿಡ್ತದಾ?" ಎಂದು ಗಾಡಿ ಗಾಡಿ ಎಂದೇ ಜಪ ಮಾಡಿದೆ. ನನ್ನ ಕುರ್ಚಿಯಲ್ಲಿ ಕೂತ ಮಗಳೇ, ನಿನ್ನ ಯಂತ್ರ ಇಂಜಿನ್ನಿನ ಬಗ್ಗೆ ಎಲ್ಲ ಹೇಳುತ್ತದೆ, ಚೆನ್ನಾಗಿ ಹೇಳುತ್ತದೆ, ಅದನ್ನು ನಂಬು. ಆದರೆ ಗಾಡಿಯ ಜೊತೆಗೆ ಬಂದವರಿಗೆ ಅದನ್ನು ಚುಚ್ಚಲು ಬರುವುದಿಲ್ಲ. ಅವರನ್ನು ನೀನೇ ಕೇಳಬೇಕು, ಬಿಡಿಸಿ ಕೇಳಬೇಕು.

ಒಂದೇ ಒಂದು ಸಲ ಈ ನಿಯಮ ಮುರಿದೆ. ನನ್ನ ನಿವೃತ್ತಿಯ ವಾರ. ಅಂಗಳದಲ್ಲಿ ಒಂದು ಗಾಡಿ ಬಂದು ನಿಂತಿತು. ಜಟ್ಟಪ್ಪ ಇಳಿದ, ತಲೆ ನರೆತಿತ್ತು. ಗಿರಿಜಾ ಇಳಿದಳು, ಮಲ್ಲಿಗೆ ಹಾಗೇ ಇತ್ತು. ಆ ದಿನ ಒಯ್ದ ಗಾಡಿಯೂ ಹಳತಾಗಿ, ಇನ್ನೊಂದು ಮಾಡಲು ಬಂದಿದ್ದರು. ನೀವು ಹೋಗುವ ಮೊದಲು ನಿಮ್ಮ ಕೈಯಲ್ಲೇ ಆಗಲಿ ಎಂದು ಅವಸರ ಮಾಡಿ ಬಂದೆವು ಎಂದರು. ನಾನು ಟವೆಲ್ ಹೆಗಲಿಗೆ ಹಾಕಿಕೊಂಡು, ಬೇಕೆಂದೇ, ಅಪ್ಪನ ರಾಗದಲ್ಲಿ ಕೇಳಿದೆ:

"ಎಣ್ಣೆ ಕುಡಿಯೂದು ಉಂಟಾ?"

ಜಟ್ಟಪ್ಪ ಹೆಂಡತಿಯ ಕಡೆ ನೋಡಿದ. ಗಿರಿಜಾ ಸೆರಗು ಸರಿ ಮಾಡಿಕೊಂಡು ಮುಂದೆ ಬಂದು, ಇಡೀ ಶೋರೂಮಿಗೆ ಕೇಳುವ ಹಾಗೆ ಹೇಳಿದಳು:

"ಗಾಡಿ ಸ್ವಲ್ಪ ಕುಡೀತದೆ ಅಕ್ಕೋರೆ. ಇವ್ರಿಲ್ಲ."